ಮುಂಬಯಿಯ ಕಮರ್ಷಿಯಲ್ ವಕೀಲರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಕನ್ನಡಿಗರಿಂದ ನನಗೆ ಬರುವ ಪ್ರಶ್ನೆಗಳು ಎರಡು ಥರ. ಹೋಟೆಲು, ಕ್ಯಾಟರಿಂಗ್, ಸಾರಿಗೆ ನಡೆಸುವವರು ತಮ್ಮ ಅಗ್ರಿಮೆಂಟಿನ ಬಗ್ಗೆ ಕೇಳುತ್ತಾರೆ. ಮಕ್ಕಳನ್ನು ಲಾ ಓದಿಸಬೇಕು ಅನ್ನುವವರು ನನ್ನ ಓದು, ಕೆಲಸ, ಸಂಪಾದನೆಯ ಬಗ್ಗೆ ಕೇಳುತ್ತಾರೆ. ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಓದುವಾಗ ಒಂದು ವಿಷಯ ನಿಮಗೆ ಮತ್ತೆ ಮತ್ತೆ ಕಾಣುತ್ತದೆ: ವ್ಯಾಪಾರದ ಕೇಸುಗಳಲ್ಲಿ ಹೆಚ್ಚಿನವುಗಳ ಹಣೆಬರಹ ಕೋರ್ಟಿನಲ್ಲಿ ಬರೆಯುವುದಲ್ಲ, ಕಾಗದಕ್ಕೆ ಸಹಿ ಹಾಕಿದ ದಿನವೇ ಬರೆದಾಗಿರುತ್ತದೆ.

ನೀವು ಎಂಥ ಕೇಸು ನೋಡುತ್ತೀರಿ? ಡಿವೋರ್ಸ್, ಪೊಲೀಸ್ ಕೇಸು?

ಅವೆರಡೂ ಇಲ್ಲ. ವ್ಯಾಪಾರ ಮಾಡುವವರ ನಡುವೆ ಹುಟ್ಟುವ ಜಗಳ ನನ್ನ ಕೆಲಸ. ಸಾಮಾನು ಕೊಟ್ಟು ದುಡ್ಡು ಬರದಿದ್ದವರು, ಪಾರ್ಟ್ನರ್ ಲೆಕ್ಕ ತೋರಿಸದೆ ಇರುವವರು, ಕಟ್ಟಡದ ಕಾಂಟ್ರಾಕ್ಟು ಅರ್ಧಕ್ಕೆ ನಿಂತವರು, ತಮ್ಮ ಹೋಟೆಲಿನ ಹೆಸರನ್ನೇ ಬೇರೆಯವರು ಬೋರ್ಡಿಗೆ ಹಾಕಿಕೊಂಡಿದ್ದಾರೆ ಅನ್ನುವವರು ನನ್ನ ಹತ್ತಿರ ಬರುತ್ತಾರೆ. ಇಂಥ ಜಗಳಗಳಿಗಾಗಿಯೇ 2015ರಲ್ಲಿ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಬಂತು. ಮೊದಲು 1 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಕೇಸು ಮಾತ್ರ ಇದರಡಿ ಬರುತ್ತಿತ್ತು. 2018ರ ತಿದ್ದುಪಡಿಯಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ಹಾಗಾಗಿ ಇದು ದೊಡ್ಡ ಕಂಪನಿಗಳ ವಿಷಯ ಅಂತ ಸುಮ್ನೆ ಕೂರಬೇಡಿ. ಕಾಯಿಪಲ್ಲೆ ಸಪ್ಲೈ ಮಾಡುವವರ ಬಾಕಿಯೂ ಇದರಡಿ ಬರಬಹುದು.

ನೀವು ಯಾವ ಊರಿನವರು? ಈ ಕೆಲಸಕ್ಕೆ ಹೇಗೆ ಬಂದಿರಿ?

ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಫೋರ್ಟಿನ ಒಂದು ಹೋಟೆಲಿಗೆ ಸೇರಿದರು. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಮೆಟ್ರಿಕ್ ಪಾಸಾದ ಮೇಲೆ ಅವರನ್ನು ಗಲ್ಲೆಯಲ್ಲಿ ಕೂರಿಸಿದರು. ಈ ನಗರದ ಎಷ್ಟೋ ಕನ್ನಡಿಗರ ಕಥೆ ಇದೇ. ಆ ರಾತ್ರಿ ಶಾಲೆಗಳಿಂದ ವಕೀಲರು, ಡಾಕ್ಟರು, ಹೋಟೆಲು ಮಾಲೀಕರು ಎಲ್ಲರೂ ಬಂದಿದ್ದಾರೆ.

ಅಪ್ಪನ ಹೋಟೆಲಿಗೆ ಬರುವ ಗಿರಾಕಿಗಳಲ್ಲಿ ಕೋರ್ಟಿನವರು ಜಾಸ್ತಿ. ಗುಮಾಸ್ತರು, ಟೈಪಿಸ್ಟರು, ಜೂನಿಯರ್ ವಕೀಲರು. ಅವರ ಮಾತು ಕೇಳುತ್ತಾ ಅಪ್ಪನಿಗೆ ಕಾನೂನಿನ ಮೇಲೆ ಗೌರವ ಬೆಳೆಯಿತು. ಆಮೇಲೆ ಹೋಟೆಲಿನ ಮಾಲೀಕರಿಗೂ ಅದನ್ನು ನಡೆಸುತ್ತಿದ್ದವರಿಗೂ ಜಗಳವಾಗಿ ಬಾಗಿಲಿಗೆ ಬೀಗ ಬಿತ್ತು. ಇಬ್ಬರ ನಡುವಿನ ಒಪ್ಪಂದ ಒಂದೇ ಹಾಳೆಯದು. ಅದರಲ್ಲಿ ಕೆಲಸಗಾರರ ಸಂಬಳದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಅಡುಗೆಯವರಿಂದ ಹಿಡಿದು ಗಲ್ಲೆಯವರ ತನಕ ಎಲ್ಲರೂ ಬೀದಿಗೆ ಬಂದರು. ವ್ಯಾಪಾರದ ಕೇಸು ಅಂದರೆ ದುಡ್ಡಿದ್ದವರ ಜಗಳ ಅಂತ ಜನ ಹೇಳಿದಾಗ ನನಗೆ ಆ ಅಡುಗೆಮನೆಯವರ ನೆನಪಾಗುತ್ತದೆ. ನಾನು ಈ ದಾರಿ ಹಿಡಿದದ್ದು ಆ ಕಾರಣಕ್ಕೆ.

ನಮ್ಮ ಮಗಳು ಕನ್ನಡ ಮೀಡಿಯಂ. ಅವಳಿಗೆ ಇದು ಆಗುತ್ತದಾ?

ಖಂಡಿತ ಆಗುತ್ತದೆ. ನಾನು ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಅದು ಸಂವಿಧಾನವೇ ಹೇಳಿರುವ ಮಾತು. ಕೆಳಗಿನ ಕೋರ್ಟುಗಳಲ್ಲಿ ಮರಾಠಿ ನಡೆಯುತ್ತದೆ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ, ಹಿಂದಿ ಬೀದಿಯಲ್ಲೇ ಬಂದಿರುತ್ತದೆ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ ಇದ್ದೇ ಇರುತ್ತದೆ. ಇಂಗ್ಲಿಷ್ ಒಂದನ್ನು ಕಷ್ಟಪಟ್ಟು ಕಲಿಯಬೇಕು, ಅಷ್ಟೇ.

ಕಲಿಯುವ ದಾರಿಯನ್ನೂ ಹೇಳುತ್ತೇನೆ. ಮಾತಾಡುವ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯುವ ಬದಲು ದಿನಕ್ಕೊಂದು ತೀರ್ಪು ಓದಲಿ. ತೀರ್ಪುಗಳು ಕೋರ್ಟಿನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಓದಿ ಮುಗಿಸಿ ಏನಾಯಿತು ಅಂತ ಕನ್ನಡದಲ್ಲೇ ಹತ್ತು ಸಾಲು ಬರೆಯಲಿ. ವಿಷಯ ತಲೆಗೆ ಹತ್ತಿದರೆ ಭಾಷೆ ತಾನಾಗಿ ಹಿಂದೆ ಬರುತ್ತದೆ.

ಓದು ಎಷ್ಟು ವರ್ಷ? ಎಲ್ಲಿ?

12ನೇ ತರಗತಿ ಆದ ಮೇಲೆ ಸೇರಿದರೆ 5 ವರ್ಷ, ಯಾವುದಾದರೂ ಡಿಗ್ರಿ ಮುಗಿಸಿ ಸೇರಿದರೆ 3 ವರ್ಷ. ಮಹಾರಾಷ್ಟ್ರದ ಕಾಲೇಜುಗಳಿಗೆ ರಾಜ್ಯದ ಸಿಇಟಿ ಬರೆಯಬೇಕು. ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜು 1855ರದು. ಪುಣೆಯಲ್ಲಿ ಐಎಲ್‌ಎಸ್ ಕಾಲೇಜು 1924ರಿಂದ ಇದೆ. ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ. ಕೋರ್ಟು ಕಾಲ್ನಡಿಗೆಯ ದೂರದಲ್ಲಿರುವುದು ಅದಕ್ಕಿಂತ ದೊಡ್ಡ ಲಾಭ.

ಡಿಗ್ರಿ ಆದ ಮೇಲೆ ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಅಂಡ್ ಗೋವಾದಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ನೋಂದಣಿಗೆ ಮೊದಲೆಲ್ಲಾ ಸಾವಿರಾರು ರೂಪಾಯಿ ಕೇಳುತ್ತಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕಿತು. ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿ. ಅದಕ್ಕಿಂತ ಜಾಸ್ತಿ ನೋಂದಣಿ ಫೀಸು ಪಡೆಯುವ ಹಾಗಿಲ್ಲ. ಬಡ ಮನೆಯ ಮಕ್ಕಳಿಗೆ ಇದು ತುಂಬಾ ದೊಡ್ಡ ಉಪಕಾರ.

ಸಾಲಿಸಿಟರ್ ಅಂತಾರಲ್ಲ, ಅವರು ಬೇರೆಯಾ?

ಮುಂಬಯಿಗೆ ಇದೊಂದು ಹಳೆಯ ಪದ್ಧತಿ. ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿ, ಅಂದರೆ ದಾವೆಗಳು ನೇರವಾಗಿ ಹೈಕೋರ್ಟಿನಲ್ಲೇ ಶುರುವಾಗುವ ವಿಭಾಗದಲ್ಲಿ, ಮೊದಲು ವಕೀಲರ ಎರಡು ವರ್ಗ ಇದ್ದವು. ಕಕ್ಷಿದಾರರ ಜೊತೆ ಕೂತು ಕಾಗದ ತಯಾರು ಮಾಡುವ ಅಟಾರ್ನಿಗಳು ಒಂದು ಕಡೆ, ಕೋರ್ಟಿನಲ್ಲಿ ನಿಂತು ವಾದ ಮಾಡುವ ಕೌನ್ಸೆಲ್‌ಗಳು ಇನ್ನೊಂದು ಕಡೆ. 1976ರಲ್ಲಿ ಅಡ್ವೊಕೇಟ್ಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಅಟಾರ್ನಿ ಅನ್ನುವ ವರ್ಗವನ್ನು ತೆಗೆದುಹಾಕಿದರು. ಈಗ ಕಾನೂನಿನ ಕಣ್ಣಿಗೆ ಎಲ್ಲರೂ ಅಡ್ವೊಕೇಟರೇ. ಆದರೆ ಕೆಲಸದ ಹಂಚಿಕೆ ಇವತ್ತಿಗೂ ಹಾಗೇ ಉಳಿದಿದೆ. ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಈಗಲೂ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಒಬ್ಬ ಸಾಲಿಸಿಟರ ಕೈಕೆಳಗೆ 3 ವರ್ಷ ಆರ್ಟಿಕಲ್ಡ್ ಕ್ಲರ್ಕ್, ಅಂದರೆ ಕೆಲಸ ಕಲಿಯುವ ಸಹಾಯಕರಾಗಿ ದುಡಿಯಬೇಕು. ಪರೀಕ್ಷೆ ಕಷ್ಟದ್ದು. ಪಾಸಾದವರು ಬರೆದ ಕಾಗದದ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡುವ ಹಿರಿಯರು ಇನ್ನೂ ಇದ್ದಾರೆ.

ಶುರುವಿನ ವರ್ಷಗಳು ಹೇಗಿರುತ್ತವೆ? ಸಂಬಳ ಬರುತ್ತದಾ?

ಕಷ್ಟವಾಗಿರುತ್ತವೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬೇಡಿ. ದೊಡ್ಡ ಫರ್ಮುಗಳಲ್ಲಿ ಒಳ್ಳೆಯ ಸಂಬಳ ಇದೆ, ಆದರೆ ಅಲ್ಲಿ ಜಾಗ ಕಡಿಮೆ. ಚೇಂಬರಿನಲ್ಲಿ ಜೂನಿಯರ್ ಆಗಿ ಸೇರಿದವರಿಗೆ ಸಿಗುವುದು ರೈಲಿನ ಪಾಸು, ಊಟದ ಖರ್ಚಿಗೆ ಸಾಕಾದರೆ ಪುಣ್ಯ. 2024ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಕಡ್ಡಾಯ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಅಪ್ಪನ ಮನೆ, ಅಪ್ಪನ ಚೇಂಬರ್ ಇದ್ದವರು ಮಾತ್ರ ಈ ಕೆಲಸದಲ್ಲಿ ಉಳಿಯುತ್ತಾರೆ.

ಕಲಿಯುವುದು ಮಾತ್ರ ಆ ವರ್ಷಗಳಲ್ಲೇ. ನನ್ನ ಸೀನಿಯರ್ ಯಾವ ಫೈಲು ಬಂದರೂ ಮೊದಲು ಕೇಳುತ್ತಿದ್ದದ್ದು ತಾರೀಖುಗಳ ಪಟ್ಟಿ. ಎಡಗಡೆ ತಾರೀಖು, ನಡುವೆ ಏನಾಯಿತು ಅನ್ನುವುದು, ಬಲಗಡೆ ಅದಕ್ಕೆ ಆಧಾರವಾದ ಕಾಗದದ ಪುಟ. ಬಲಗಡೆಯ ಅಂಕಣ ಖಾಲಿ ಇದ್ದರೆ ಆ ಸಾಲಿಗೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಕಕ್ಷಿದಾರರ ಮುಂದೆ ಇಡುತ್ತಿದ್ದರು. "ಇದಕ್ಕೆ ಕಾಗದ ಎಲ್ಲಿದೆ, ಹುಡುಕಿ." ಕಕ್ಷಿದಾರರು ಅಟ್ಟ, ಕಪಾಟು, ಹಳೆಯ ಮೊಬೈಲು ಎಲ್ಲಾ ತಡಕಾಡಿ ತರುತ್ತಿದ್ದರು. ಕೆಲವು ಸಲ ಆ ಒಂದು ಕಾಗದದಿಂದಲೇ ಕೇಸು ತಿರುಗುತ್ತಿತ್ತು. ಈಗ ನನ್ನ ಜೂನಿಯರ್‌ಗಳೂ ಅದನ್ನೇ ಮಾಡುತ್ತಾರೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಸರಿಯಾ ಅಕ್ಕಾ?

ಈ ಪ್ರಶ್ನೆ ಕೇಳುವ ಅಮ್ಮಂದಿರಿಗೆ ನಾನು ಇಬ್ಬರ ಹೆಸರು ಹೇಳುತ್ತೇನೆ. ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆ ಮಾಡಿದ ಮೊದಲ ಮಹಿಳೆ ಮಿಥನ್ ಲಾಮ್. ಅಲ್ಲಿನ ಮೊದಲ ಮಹಿಳಾ ನ್ಯಾಯಮೂರ್ತಿ ಸುಜಾತಾ ಮನೋಹರ್, ನೇಮಕವಾದದ್ದು 1978ರಲ್ಲಿ. ಹೈಕೋರ್ಟ್ ಶುರುವಾದದ್ದು 1862ರಲ್ಲಿ. ಅಂದರೆ ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿ ಕೂರಲು 116 ವರ್ಷ ಬೇಕಾಯಿತು. ಈಗಿನ ಹುಡುಗಿಯರಿಗೆ ಬಾಗಿಲು ತೆರೆದಿದೆ. ಆದರೆ ರಾತ್ರಿ ಕಾನ್ಫರೆನ್ಸು ಮುಗಿಸಿ ಕೊನೆಯ ಲೋಕಲ್ ಹಿಡಿಯುವ ದಿನಗಳು ಇರುತ್ತವೆ. ಮನೆಯವರ ಬೆಂಬಲ ಬೇಕೇ ಬೇಕು. ಅದನ್ನು ಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ಬಾಂಬೆ ಹೈಕೋರ್ಟಿಗೂ ಕನ್ನಡಿಗರಿಗೂ ಏನು ನಂಟು?

ಹೊಸ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. 1956ರ ತನಕ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲಾ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಜಿಲ್ಲೆಗಳ ಮೇಲ್ಮನವಿ ಬರುತ್ತಿದ್ದದ್ದು ಇದೇ ಓವಲ್ ಮೈದಾನದ ಎದುರಿನ ಕಲ್ಲಿನ ಕಟ್ಟಡಕ್ಕೆ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಇಲ್ಲಿ ನ್ಯಾಯಮೂರ್ತಿಯಾದರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರೂ ಅವರೇ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಪಿ.ಬಿ. ಗಜೇಂದ್ರಗಡ್ಕರ್ ಇಲ್ಲಿ ನ್ಯಾಯಮೂರ್ತಿಯಾಗಿದ್ದು, ಮುಂದೆ 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಗದಗ ಜಿಲ್ಲೆಯ ಗಜೇಂದ್ರಗಡ ಅನ್ನುವ ಊರು ಅವರ ಹೆಸರಿನಲ್ಲೇ ಇದೆ.

ಒಮ್ಮೆ ಬಿಡುವು ಮಾಡಿಕೊಂಡು ಈ ಕಟ್ಟಡ ನೋಡಿ. ಕೆಲಸದ ದಿನ ಕೋರ್ಟಿನ ಕಲಾಪ ಸಾರ್ವಜನಿಕರೂ ಕೂತು ಕೇಳಬಹುದು. 1908ರಲ್ಲಿ ತಿಲಕರ ವಿಚಾರಣೆ ನಡೆದ ಕೋಣೆಯ ಹೊರಗೆ ಅವರ ಮಾತು ಕೆತ್ತಿದ ಫಲಕ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ನಮ್ಮ ಕೇಸು ಯಾವ ಕೋರ್ಟಿಗೆ ಹೋಗುತ್ತದೆ?

ಮುಂಬಯಿ ನಗರದಲ್ಲಿ ದುಡ್ಡಿನ ಮೊತ್ತ ನೋಡಿ ಕೋರ್ಟು ತೀರ್ಮಾನ ಆಗುತ್ತದೆ. 2024ರಿಂದ 10 ಕೋಟಿ ರೂಪಾಯಿ ತನಕದ ದಾವೆ ಸಾಮಾನ್ಯವಾಗಿ ಸಿಟಿ ಸಿವಿಲ್ ಕೋರ್ಟಿಗೆ. ಮೊದಲು ಆ ಮಿತಿ 1 ಕೋಟಿ ಇತ್ತು. ಅದಕ್ಕಿಂತ ಮೇಲಿನದು ಹೈಕೋರ್ಟಿನ ಒರಿಜಿನಲ್ ಸೈಡಿಗೆ. ಅಂಗಡಿ, ಹೋಟೆಲಿನ ಜಾಗ ಖಾಲಿ ಮಾಡಿಸುವ ಜಗಳ ಮಾತ್ರ ಮೊತ್ತ ಎಷ್ಟೇ ಇರಲಿ, ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತದೆ. ಎಷ್ಟೋ ವ್ಯಾಪಾರಿಗಳು ಎಡವುವುದು ಇಲ್ಲೇ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಂಡಕ್ಟಿಂಗ್ ಅಗ್ರಿಮೆಂಟಿನಲ್ಲಿ ಹೋಟೆಲು ನಡೆಸುತ್ತಿದ್ದೇನೆ. ಮಾಲೀಕರು ಬಿಡಿ ಅಂತಿದ್ದಾರೆ. ಏನು ಮಾಡಲಿ?

ನನ್ನ ಹತ್ತಿರ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳು ಎಷ್ಟೋ ಇದೇ ರೀತಿ ನಡೆಯುತ್ತವೆ. ಜಾಗ, ಲೈಸೆನ್ಸು, ಹೆಸರು ಮಾಲೀಕರದು. ನಡೆಸುವವರು ಒಂದು ಡಿಪಾಸಿಟ್ ಇಟ್ಟು ತಿಂಗಳು ತಿಂಗಳು ರಾಯಲ್ಟಿ ಕೊಡುತ್ತಾರೆ. ಜಗಳ ಆದಾಗ ಕೋರ್ಟು ಮೊದಲು ನೋಡುವುದು, ಮಾಲೀಕರು ಕೊಟ್ಟದ್ದು ವ್ಯಾಪಾರ ನಡೆಸುವ ಹಕ್ಕನ್ನೋ ಅಥವಾ ಜಾಗವನ್ನೋ ಅನ್ನುವುದು. ಕೊಟ್ಟದ್ದು ಜಾಗ ಅಂತಾದರೆ 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟ್ಸ್ ಕಾಯ್ದೆಯ 41ನೇ ಕಲಮಿನಡಿ ಸ್ಮಾಲ್ ಕಾಸಸ್ ಕೋರ್ಟು. ವ್ಯಾಪಾರ ಅಂತಾದರೆ ಸಿವಿಲ್ ಕೋರ್ಟು ಅಥವಾ ಆರ್ಬಿಟ್ರೇಷನ್, ಅಂದರೆ ಇಬ್ಬರೂ ಒಪ್ಪಿದ ತೀರ್ಪುಗಾರರ ಮುಂದೆ ಕೋರ್ಟಿನ ಹೊರಗೆ ನಡೆಯುವ ವಿಚಾರಣೆ. ತಪ್ಪು ಬಾಗಿಲು ತಟ್ಟಿದರೆ ವರ್ಷಗಳು ಹೋಗಿಬಿಡುತ್ತವೆ.

ಕಾಗದದ ತಲೆಬರಹದಲ್ಲಿ ಕಂಡಕ್ಟಿಂಗ್ ಅಂತ ಬರೆದ ಮಾತ್ರಕ್ಕೆ ತೀರ್ಮಾನ ಆಗುವುದಿಲ್ಲ. ನಿಜದಲ್ಲಿ ಏನು ನಡೆಯುತ್ತಿತ್ತು ಅಂತ ನೋಡುತ್ತಾರೆ. ಈಟಿಂಗ್ ಹೌಸ್ ಲೈಸೆನ್ಸು ಯಾರ ಹೆಸರಿನಲ್ಲಿದೆ? ಜಿಎಸ್‌ಟಿ ಯಾರು ಕಟ್ಟುತ್ತಿದ್ದರು? ಕರೆಂಟು ಬಿಲ್ಲು? ಕೆಲಸಗಾರರಿಗೆ ಸಂಬಳ ಕೊಡುತ್ತಿದ್ದವರು ಯಾರು? ತಿಂಗಳ ದುಡ್ಡು ವ್ಯಾಪಾರಕ್ಕೆ ತಕ್ಕ ಹಾಗೆ ಏರಿಳಿಯುತ್ತಿತ್ತಾ ಅಥವಾ ಬಾಡಿಗೆಯಂತೆ ಒಂದೇ ಮೊತ್ತವಾ? ರಾತ್ರಿ ಬೀಗ ಹಾಕಿ ಕೀಲಿ ಯಾರು ಒಯ್ಯುತ್ತಿದ್ದರು? ಈ ಕೊನೆಯ ಪ್ರಶ್ನೆ ಕೇಳಿದಾಗ ಕಕ್ಷಿದಾರರು ಆಶ್ಚರ್ಯಪಡುತ್ತಾರೆ. ಆದರೆ ಜಾಗದ ಹತೋಟಿ ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಕೀಲಿಯಷ್ಟು ನೇರ ಸಾಕ್ಷಿ ಇನ್ನೊಂದಿಲ್ಲ.

ಇಂಥ ಫೈಲು ಬಂದಾಗ ನಾನು ಸ್ಟ್ಯಾಂಪ್ ಪೇಪರನ್ನು ತಿರುಗಿಸಿ ಹಿಂಬದಿ ನೋಡುತ್ತೇನೆ. ಅಲ್ಲಿ ಮಾರಿದವರ ಮೊಹರು, ಕೊಂಡವರ ಹೆಸರು, ಮಾರಿದ ತಾರೀಖು ಇರುತ್ತದೆ. ಮುಂಬದಿಯಲ್ಲಿ ಅಗ್ರಿಮೆಂಟ್ ಮಾರ್ಚಿನದು, ಹಿಂಬದಿಯಲ್ಲಿ ಸ್ಟ್ಯಾಂಪು ಮಾರಿದ್ದು ಆಗಸ್ಟಿನಲ್ಲಿ ಅಂತಿದ್ದರೆ ಆ ಕಾಗದ ಹಿಂದಿನ ತಾರೀಖು ಹಾಕಿ ಮಾಡಿದ್ದು ಅಂತ ಎದುರಿನ ವಕೀಲರು ಐದು ನಿಮಿಷದಲ್ಲಿ ತೋರಿಸಿಬಿಡುತ್ತಾರೆ. ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಸ್ಟ್ಯಾಂಪ್ ಡ್ಯೂಟಿ ಕಡಿಮೆ ಕಟ್ಟಿದ ಕಾಗದವನ್ನು ಬಾಕಿ ಮತ್ತು ದಂಡ ಕಟ್ಟುವ ತನಕ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ನೆನಪಿರಲಿ.

11 ತಿಂಗಳಿನದಾದರೆ ರಿಜಿಸ್ಟರ್ ಬೇಡ ಅನ್ನುವ ಮಾತು ನಮ್ಮಲ್ಲಿ ತುಂಬಾ ಓಡಾಡುತ್ತದೆ. ಮಹಾರಾಷ್ಟ್ರದಲ್ಲಿ ಇದು ತಪ್ಪು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ (ಜಾಗವನ್ನು ಬಳಸಲು ಮಾತ್ರ ಅನುಮತಿ ಕೊಡುವ ಒಪ್ಪಂದ) ಎಷ್ಟೇ ತಿಂಗಳಿನದಾದರೂ ಬರಹದಲ್ಲಿರಬೇಕು, ರಿಜಿಸ್ಟರ್ ಆಗಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಷರತ್ತುಗಳ ಬಗ್ಗೆ ಜಾಗ ಪಡೆದವರ ಮಾತನ್ನೇ ಕೋರ್ಟು ಮೊದಲು ನಂಬುತ್ತದೆ.

ಇನ್ನೊಂದು ವಿಷಯ, ದಯವಿಟ್ಟು ಕೇಳಿ. ಮಾಲೀಕರು ರಾತ್ರೋರಾತ್ರಿ ಬೀಗ ಬದಲಿಸಿದರೆ ಜನ ಕಟ್ಟಿಕೊಂಡು ಹೋಗಿ ಒಡೆಯಬೇಡಿ. ಫೋಟೋ ತೆಗೆಯಿರಿ, ಪೊಲೀಸ್ ಠಾಣೆಗೆ ಬರಹದಲ್ಲಿ ದೂರು ಕೊಡಿ, ಮರುದಿನವೇ ವಕೀಲರನ್ನು ನೋಡಿ. ಕೋರ್ಟು ತುರ್ತಾಗಿ ಮಧ್ಯಂತರ ಆದೇಶ ಕೊಡಬಲ್ಲದು. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು ಬಂದವರಿಗೆ ತುರ್ತು ಅಂತ ಹೇಳಿಕೊಳ್ಳಲು ಬಾಯಿ ಇರುವುದಿಲ್ಲ.

ನಮ್ಮ ಪಾರ್ಟ್ನರ್‌ಶಿಪ್ ರಿಜಿಸ್ಟರ್ ಆಗಿಲ್ಲ. ತೊಂದರೆಯಾ?

ಹೌದು, ದೊಡ್ಡ ತೊಂದರೆ. ಭಾವ, ಷಡ್ಡಕ, ಊರಿನವರು ಸೇರಿ ಶುರು ಮಾಡಿದ ಫರ್ಮುಗಳಲ್ಲಿ ಇದು ಸಾಮಾನ್ಯ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ ರಿಜಿಸ್ಟರ್ ಆಗದ ಫರ್ಮು ತನ್ನ ಕಾಂಟ್ರಾಕ್ಟಿನ ಮೇಲೆ ಹೊರಗಿನವರ ವಿರುದ್ಧ ದಾವೆ ಹಾಕುವ ಹಾಗಿಲ್ಲ. ನಿಮ್ಮ ಬಾಕಿ ನಿಜ ಇದ್ದರೂ ದಾವೆ ನಿಲ್ಲುವುದಿಲ್ಲ. ದಾವೆ ಹಾಕಿದ ಮೇಲೆ ರಿಜಿಸ್ಟರ್ ಮಾಡಿಸಿದರೆ ಆ ದಾವೆಗೆ ಉಪಯೋಗವಿಲ್ಲ, ಮೊದಲೇ ಆಗಿರಬೇಕು.

ಪಾಲುದಾರರ ಒಳಗಿನ ಜಗಳಕ್ಕೆ ಸ್ವಲ್ಪ ದಾರಿ ಇದೆ. ಫರ್ಮು ಮುಚ್ಚಿಸಿ ಲೆಕ್ಕ ಕೇಳುವ ದಾವೆ ಹಾಕಬಹುದು. ಮಹಾರಾಷ್ಟ್ರ ಸರ್ಕಾರ 1984ರಲ್ಲಿ ಆ ದಾರಿಯನ್ನೂ ಬಹುಪಾಲು ಮುಚ್ಚಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆದರೂ ಅದನ್ನು ನೆಚ್ಚಿಕೊಂಡು ಕೂರಬೇಡಿ. ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ಈಗಲೇ ಹೋಗಿ. "ನಮ್ಮವರೇ ಮಾರಾಯ್ರೆ, ಕಾಗದ ಯಾಕೆ?" ಅಂತ ಹೇಳಿದ ಅಣ್ಣತಮ್ಮಂದಿರು ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೋರ್ಟಿನ ವರಾಂಡದಲ್ಲಿ ಕೂತದ್ದನ್ನು ನಾನು ಕಂಡಿದ್ದೇನೆ. ಕಾಗದ ಇದ್ದಿದ್ದರೆ ಆ ಸಂಬಂಧ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಲೆಕ್ಕದ ಪುಸ್ತಕ ಕನ್ನಡದಲ್ಲಿದೆ. ಮಾತುಕತೆ ವಾಟ್ಸಾಪಿನಲ್ಲಿ. ಕೋರ್ಟು ಒಪ್ಪುತ್ತದಾ?

ಒಪ್ಪುತ್ತದೆ, ಆದರೆ ಕ್ರಮ ಇದೆ. ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಹೈಕೋರ್ಟಿನಲ್ಲಿ ಅನುವಾದಕರ ಕಚೇರಿಯೇ ಇದೆ. ಅನುವಾದ ಮಾಡಿಸುವಾಗ ಪಕ್ಕದಲ್ಲಿ ಕೂರಿ. 'ಕೈಸಾಲ' ಅಂತ ಬರೆದದ್ದು 'ಡಿಪಾಸಿಟ್' ಅಂತ ಹೋದರೆ ಇಡೀ ಕೇಸಿನ ದಿಕ್ಕು ತಪ್ಪುತ್ತದೆ. ಇನ್ನು ಲೆಕ್ಕದ ಪುಸ್ತಕ ಒಂದನ್ನೇ ಹಿಡಿದು ಒಬ್ಬರ ಮೇಲೆ ಸಾಲ ಹೊರಿಸಲು ಆಗುವುದಿಲ್ಲ, ಅದರ ಜೊತೆ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಥರದ ಬೇರೆ ಸಾಕ್ಷಿಯೂ ಬೇಕು.

ವಾಟ್ಸಾಪ್ ಸಂದೇಶಕ್ಕೆ, ಅದನ್ನು ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಹೇಳುವ ಸರ್ಟಿಫಿಕೇಟ್ ಬೇಕು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಜಾರಿಯಲ್ಲಿದೆ, ಅದರ 63ನೇ ಕಲಮಿನಲ್ಲಿ ಇದರ ನಮೂನೆ ಇದೆ. ಫೋನು ಬದಲಿಸುವ ಮೊದಲು ವಕೀಲರನ್ನು ಕೇಳಿ. ಹಳೆ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಬರೀ ಸ್ಕ್ರೀನ್‌ಶಾಟ್ ತರುವವರಿಗೆ ನಾನು ಮಾಡಬಹುದಾದದ್ದು ತುಂಬಾ ಕಡಿಮೆ.

ಕೇಸು ಎಷ್ಟು ವರ್ಷ ನಡೆಯುತ್ತದೆ?

ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯಲ್ಲಿ ಗಡುವು ಬಿಗಿಯಾಗಿದೆ. ತುರ್ತು ಆದೇಶ ಬೇಡದ ಕಮರ್ಷಿಯಲ್ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. ಎದುರಿನವರು ಬರಲೇ ಇಲ್ಲ ಅಂದರೆ ಮಧ್ಯಸ್ಥಿಕೆ ಶುರುವೇ ಆಗಲಿಲ್ಲ ಅನ್ನುವ ನಾನ್-ಸ್ಟಾರ್ಟರ್ ರಿಪೋರ್ಟ್ ಸಿಗುತ್ತದೆ, ಅದನ್ನು ಹಿಡಿದು ದಾವೆ ಹಾಕಬಹುದು. ಸಮನ್ಸ್ ಸಿಕ್ಕ ಮೇಲೆ ಪ್ರತಿವಾದಿ 30 ದಿನದಲ್ಲಿ ಉತ್ತರ ಕೊಡಬೇಕು. ಕೋರ್ಟು ಒಪ್ಪಿದರೂ 120 ದಿನ ದಾಟುವ ಹಾಗಿಲ್ಲ. ದಾಟಿದರೆ ಉತ್ತರ ಕೊಡುವ ಹಕ್ಕೇ ಹೋಯಿತು. ವಾದ ಮುಗಿದ ಮೇಲೆ 90 ದಿನದಲ್ಲಿ ತೀರ್ಪು ಬರಬೇಕು.

ಸಮನ್ಸ್ ಬಂದಾಗ ಊರಿಗೆ ಹೋಗಿದ್ದೆ, ದೀಪಾವಳಿ ಕಳೆಯಲಿ ಅಂತಿದ್ದೆ ಅನ್ನುವ ಮಾತು ಈ ಕೋರ್ಟಿನಲ್ಲಿ ನಡೆಯುವುದಿಲ್ಲ. ಲಕೋಟೆ ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದು ವಕೀಲರಿಗೆ ಕಳಿಸಿ. ಇಷ್ಟೆಲ್ಲಾ ಗಡುವು ಇದ್ದರೂ ಕೋರ್ಟಿನ ದಿನದ ಪಟ್ಟಿಯಲ್ಲಿ ಕೇಸುಗಳ ರಾಶಿ ಇರುವುದರಿಂದ ದೊಡ್ಡ ದಾವೆಗಳು ವರ್ಷಗಟ್ಟಲೆ ಎಳೆಯುತ್ತವೆ. ಅದನ್ನು ಮೊದಲ ದಿನವೇ ಹೇಳುವ ವಕೀಲರನ್ನು ನಂಬಿ.

ಬಾಕಿ ದುಡ್ಡಿಗೆ ದಾವೆ ಹಾಕಲು ಸಾಮಾನ್ಯವಾಗಿ ಇರುವ ಅವಧಿ 3 ವರ್ಷ. ಕೊಡುತ್ತೇನೆ, ಕೊಡುತ್ತೇನೆ ಅಂತ ಬಾಯಲ್ಲಿ ಹೇಳಿದರೆ ಅವಧಿ ಮುಂದೆ ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲು ಸಾಲ ಒಪ್ಪಿ ಬರೆದು ಸಹಿ ಹಾಕಿಸಿಕೊಳ್ಳಬೇಕು, ಅಥವಾ ಅಷ್ಟೋ ಇಷ್ಟೋ ಬ್ಯಾಂಕ್ ಮೂಲಕ ಕಟ್ಟಿಸಿಕೊಳ್ಳಬೇಕು.

ಚೆಕ್ ಬೌನ್ಸ್ ಕೇಸು ಹಾಕಿದರೆ ಬೇಗ ಬರುವುದಿಲ್ವಾ?

ಅದು ಕ್ರಿಮಿನಲ್ ಕೇಸು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುತ್ತದೆ. ಒತ್ತಡ ಹೇರಲು ಒಳ್ಳೆಯದು. ಬ್ಯಾಂಕಿನಿಂದ ಚೆಕ್ಕು ವಾಪಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಕೊಡಬೇಕು. ಅವರಿಗೆ 15 ದಿನ ಸಮಯ. ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ಹಾಕಬೇಕು. ಶಿಕ್ಷೆ 2 ವರ್ಷದ ತನಕ ಜೈಲು ಅಥವಾ ಚೆಕ್ಕಿನ ಎರಡರಷ್ಟು ತನಕ ದಂಡ, ಅಥವಾ ಎರಡೂ.

ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿಗಳ ದಿವಾಳಿ ಅರ್ಜಿ ನೋಡುವ ನ್ಯಾಯಮಂಡಳಿಗೆ, ಹೋಗೋಣ ಅನ್ನುವವರೂ ಇದ್ದಾರೆ. ಎದುರಿನವರು ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿರಬೇಕು, ಬಾಕಿ 1 ಕೋಟಿಗೆ ಕಡಿಮೆ ಇರಬಾರದು. 2020ರ ಮಾರ್ಚಿಗೆ ಮೊದಲು ಆ ಮಿತಿ 1 ಲಕ್ಷ ಇತ್ತು. ಬಾಕಿಯ ಬಗ್ಗೆ ಮೊದಲೇ ನಿಜವಾದ ತಕರಾರು ಇದ್ದರೆ ಸಪ್ಲೈಯರ್‌ಗಳ ಅರ್ಜಿ ಅಲ್ಲಿ ನಿಲ್ಲುವುದಿಲ್ಲ. ಸಣ್ಣ ಉತ್ಪಾದಕರಿಗೆ ಇದಕ್ಕಿಂತ ಒಳ್ಳೆಯ ದಾರಿ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ. ಬರಹದ ಒಪ್ಪಂದ ಇದ್ದರೂ ಕೊಂಡವರು 45 ದಿನಕ್ಕಿಂತ ಜಾಸ್ತಿ ತಳ್ಳುವ ಹಾಗಿಲ್ಲ. ತಳ್ಳಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಲಾಭಕ್ಕಾಗಿ ಉದ್ಯಮ್ ನೋಂದಣಿ, ಅಂದರೆ ಈ ಕಾಯ್ದೆಯಡಿಯ ಸರ್ಕಾರಿ ನೋಂದಣಿ, ಮಾಡಿಸಿಕೊಳ್ಳಿ.

ಫೀಸು ಎಷ್ಟು? ಗೆದ್ದ ಮೇಲೆ ಪಾಲು ಕೊಟ್ಟರೆ ಆಗುವುದಿಲ್ವಾ?

ಆಗುವುದಿಲ್ಲ. ಫಲಿತಾಂಶದ ಮೇಲೆ ಫೀಸು ಕಟ್ಟುವುದು, ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದು ಭಾರತದಲ್ಲಿ ವಕೀಲರಿಗೆ ನಿಷಿದ್ಧ. ಹಾಗೆ ಮಾತಾಡುವವರಿಂದ ದೂರ ಇರಿ. ಡ್ರಾಫ್ಟಿಂಗಿಗೆ ಎಷ್ಟು, ಒಂದು ಹಾಜರಿಗೆ ಎಷ್ಟು, ಕೌನ್ಸೆಲ್‌ಗೆ ಎಷ್ಟು ಅಂತ ಮೊದಲೇ ಬರಹದಲ್ಲಿ ಕೇಳಿ. ಕೇಳಲು ಸಂಕೋಚ ಬೇಡ. ಕೋರ್ಟ್ ಫೀ ಬೇರೆ, ಅದು ಸರ್ಕಾರಕ್ಕೆ ಹೋಗುವುದು. ಮಹಾರಾಷ್ಟ್ರದಲ್ಲಿ 2018ರಿಂದ ಅದರ ಗರಿಷ್ಠ ಮಿತಿ 10 ಲಕ್ಷ ರೂಪಾಯಿ, ಮೊದಲು 3 ಲಕ್ಷ ಇತ್ತು.

ನಿಮ್ಮ ಹೆಸರು, ನಂಬರು ಇಲ್ಲಿ ಯಾಕಿಲ್ಲ?

ವಕೀಲರು ಜಾಹೀರಾತು ಮಾಡುವ ಹಾಗಿಲ್ಲ. ಬಾರ್ ಕೌನ್ಸಿಲ್ ನಿಯಮ 36 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಬರೆದದ್ದು ತಿಳಿವಳಿಕೆಗೆ ಮಾತ್ರ.

ಪುಣೆ, ಗೋವಾ, ಸೊಲ್ಲಾಪುರದವರಿಗೆ?

ಪುಣೆಯಲ್ಲಿ ಹೈಕೋರ್ಟ್ ಪೀಠ ಇಲ್ಲ, ಕಮರ್ಷಿಯಲ್ ದಾವೆ ಜಿಲ್ಲಾ ಕೋರ್ಟಿನಲ್ಲಿ, ಹೈಕೋರ್ಟಿನ ಮೇಲ್ಮನವಿ ಮುಂಬಯಿಯಲ್ಲಿ. 2025ರ ಆಗಸ್ಟಿನಿಂದ ಕೊಲ್ಲಾಪುರದಲ್ಲಿ ಹೈಕೋರ್ಟಿನ ಸರ್ಕಿಟ್ ಬೆಂಚ್ (ಸಂಚಾರಿ ಪೀಠ) ಶುರುವಾಗಿದೆ. ಸೊಲ್ಲಾಪುರ, ಸಾಂಗ್ಲಿಯ ಕನ್ನಡಿಗರು ಈಗ ರಾತ್ರಿ ರೈಲು ಹಿಡಿದು ಮುಂಬಯಿಗೆ ಬರಬೇಕಾಗಿಲ್ಲ. ಗೋವಾದಲ್ಲಿ ಪೊರ್ವೊರಿಮ್‌ನಲ್ಲಿ ಪೀಠ ಇದೆ. ಅಲ್ಲಿ ಜಾಗ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪೋರ್ಚುಗೀಸ್ ಕಾಲದ ಸಿವಿಲ್ ಕೋಡ್ ಇನ್ನೂ ನಡೆಯುವುದರಿಂದ ಆಸ್ತಿ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರದೂ ಆಗಿರುತ್ತದೆ. ಮಾರಾಟದ ಕಾಗದಕ್ಕೆ ಇಬ್ಬರ ಸಹಿಯೂ ಬೇಕು.

ರಾಜಿ ಮಾಡಿಕೊಂಡರೆ ಸೋತ ಹಾಗಾ?

ಖಂಡಿತ ಅಲ್ಲ. ನಾನು ನೋಡಿದ ಒಳ್ಳೆಯ ವಕೀಲರೆಲ್ಲಾ ಒಳ್ಳೆಯ ರಾಜಿ ಮಾಡಿಸಬಲ್ಲವರು. ಮುಂಬಯಿಯಲ್ಲಿ ಇದಕ್ಕೆ ಕನ್ಸೆಂಟ್ ಟರ್ಮ್ಸ್ ಅಂತೀವಿ. ಇಬ್ಬರೂ ಸಹಿ ಹಾಕಿ ಕೋರ್ಟಿಗೆ ಕೊಟ್ಟು, ಅದರಂತೆ ಡಿಕ್ರಿ, ಅಂದರೆ ಜಾರಿ ಮಾಡಿಸಬಹುದಾದ ಕೋರ್ಟಿನ ಆದೇಶ, ಆಗುತ್ತದೆ. ಬರೆಯುವಾಗ ಕಂತು ತಪ್ಪಿದರೆ ಏನು ಅನ್ನುವ ಸಾಲು ಇರಲೇಬೇಕು. ಇಷ್ಟು ದಿನ ತಡವಾದರೆ ಪೂರ್ತಿ ಬಾಕಿ ಬಡ್ಡಿ ಸಮೇತ ಒಮ್ಮೆಲೇ ಕೊಡಬೇಕು ಅಂತ ಬರೆಸಿ. ಊರಿನ ಹಿರಿಯರು, ಸಂಘದ ಪದಾಧಿಕಾರಿಗಳು ಕೂರಿಸಿ ಮಾತಾಡಿಸಿದರೂ ಒಳ್ಳೆಯದೇ. ಕೊನೆಗೆ ಅದು ಕಾಗದಕ್ಕೆ ಇಳಿಯಬೇಕು, ಅಷ್ಟೇ.

ಡಿಕ್ರಿ ಬಂತು. ದುಡ್ಡು ಯಾವಾಗ?

ಡಿಕ್ರಿ ಬಂದ ಮೇಲೆ ಅದನ್ನು ಜಾರಿ ಮಾಡಿಸುವುದು ಇನ್ನೊಂದು ಸುತ್ತು. ಸಮಯ 12 ವರ್ಷ ಇದೆ, ಆದರೆ ಕಾಯಬೇಡಿ. ಎದುರಿನವರ ಆಸ್ತಿ ಉಡುಪಿಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗ ಮಾಡಿಸಬಹುದು. ಅವರ ಬ್ಯಾಂಕ್ ಖಾತೆ, ಜಾಗ, ವಾಹನದ ವಿವರ ವ್ಯವಹಾರ ಚೆನ್ನಾಗಿದ್ದಾಗಲೇ ಬರೆದಿಟ್ಟುಕೊಂಡವರಿಗೆ ಈ ಹಂತ ಸುಲಭ.

ಮೊದಲ ಸಲ ವಕೀಲರ ಹತ್ತಿರ ಬರುವಾಗ ಏನು ತರಬೇಕು?

ಮೂಲ ಅಗ್ರಿಮೆಂಟು, ಅದರ ಜೆರಾಕ್ಸ್ ಅಲ್ಲ. ಬಿಲ್ಲುಗಳು, ಡೆಲಿವರಿ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್. ಎದುರಿನವರು ಕಳಿಸಿದ ಪ್ರತಿ ಪತ್ರ ಮತ್ತು ಅದು ಬಂದ ಲಕೋಟೆ, ಯಾಕಂದರೆ ಅಂಚೆ ಮುದ್ರೆಯ ತಾರೀಖು ಅದರ ಮೇಲೇ ಇರುತ್ತದೆ. ನಿಮಗೆ ವಿರುದ್ಧವಾದ ಕಾಗದವನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಅದನ್ನು ಮೊದಲು ತೋರಿಸಿ. ಹೇಗಿದ್ದರೂ ಎದುರಿನವರು ಅದನ್ನು ಕೋರ್ಟಿನಲ್ಲಿ ತೆಗೆಯುತ್ತಾರೆ. ಲೆಕ್ಕ ನೋಡುತ್ತಿದ್ದ ಮೇತಾಜಿಯನ್ನೋ ಮ್ಯಾನೇಜರನ್ನೋ ಜೊತೆಗೆ ಕರೆತನ್ನಿ. ಮಾಲೀಕರಿಗೆ ನೆನಪಿಲ್ಲದ ತಾರೀಖು ಹೆಚ್ಚಾಗಿ ಅವರಿಗೆ ನೆನಪಿರುತ್ತದೆ.